ವಾಷಿಂಗ್ ಮೆಷಿನ್ ಕೆಟ್ಟರೆ ಮೊದಲು ನೀರನ್ನು ಕೇಳಿ

ವಾಷಿಂಗ್ ಮೆಷಿನ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಮೋಟರ್‌ಗೆ 10 ವರ್ಷ ವಾರಂಟಿ’ ಎಂಬ ಸ್ಟಿಕ್ಕರ್. ಪೂರ್ತಿ ಯಂತ್ರಕ್ಕೆ ಎಷ್ಟು ವರ್ಷ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಇಷ್ಟೊಂದು ಅಂತರ ಏಕೆ ಎಂದು ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ಇಂದಿನ ಇನ್ವರ್ಟರ್ ಮೋಟರ್‌ಗಳಲ್ಲಿ ಉಜ್ಜಿ ಸವೆಯುವ ಕಾರ್ಬನ್ ಬ್ರಶ್ ಇಲ್ಲ. ಅದು ಬೇಗ ಕೈಕೊಡುವ ಭಾಗವೇ ಅಲ್ಲ. ಕೆಡುವುದು ಬೇರೆಯವು: ನೀರು ಕಾಯಿಸುವ ಹೀಟರ್, ನೀರನ್ನು ಒಳಬಿಡುವ ವಾಲ್ವ್, ಹೊರಹಾಕುವ ಪಂಪ್, ಬಾಗಿಲಿನ ರಬ್ಬರ್, ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕೈಗಳ ಸ್ಪೈಡರ್, ಅದರ ಬೇರಿಂಗ್. ಮೋಟರ್ ಒಣ ಜಾಗದಲ್ಲಿ ಕೂತಿದೆ. ಉಳಿದವೆಲ್ಲ ನೀರಿನಲ್ಲಿ ಇಲ್ಲವೇ ನೀರಿನ ಮಗ್ಗುಲಲ್ಲಿ ದಿನ ದೂಡುತ್ತವೆ. ಹಾಗಾದರೆ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಅದರೊಳಗೆ ಹರಿಯುವ ನೀರು ಮತ್ತು ಆ ನೀರಿಗೆ ನಾವು ಬೆರೆಸುವ ಪುಡಿ ತೀರ್ಮಾನಿಸುತ್ತವೆ. ಆದರೂ ನೀರಿನ ಗಡಸುತನ ಎಷ್ಟು ಎಂಬ ಸಣ್ಣ ಸಂಖ್ಯೆಯೊಂದನ್ನು ನಮಗೆ ಯಾರೂ ತಿಳಿಸುವುದಿಲ್ಲ. ಅದನ್ನು ತಿಳಿಸುವುದು ನೀರು ಕೊಡುವವರ ಕರ್ತವ್ಯವಾಗಬೇಕು, ಅದಕ್ಕೆ ತಕ್ಕ ಪುಡಿಯ ಅಳತೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಪುಡಿ ಮಾರುವವರ ಕರ್ತವ್ಯವಾಗಬೇಕು ಎಂಬುದು ನನ್ನ ವಾದ. ಯಂತ್ರದ ನಿರ್ವಹಣೆಯ ಉಳಿದ ಬುದ್ಧಿವಾದಗಳೆಲ್ಲ ಇದರ ನಂತರ ಬರುವಂಥವು.

ಗಡಸು ನೀರು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಬೋರ್‌ವೆಲ್ ಆಳಕ್ಕಿಳಿದಷ್ಟೂ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಸಿಗುತ್ತದೆ. ಬಂಡೆ, ಮಣ್ಣಿನ ಲವಣಗಳನ್ನು ಕರಗಿಸಿಕೊಳ್ಳಲು ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಿಂದ ಗದಗ, ಕೊಪ್ಪಳ, ರಾಯಚೂರಿನವರೆಗೆ ಬಯಲುಸೀಮೆಯ ಮನೆಗಳಿಗೆ ಇದು ಹೊಸ ವಿಷಯವಲ್ಲ. ಸೋಪು ನೊರೆ ಬರುವುದಿಲ್ಲ, ತಲೆಗೂದಲು ಅಂಟಂಟಾಗುತ್ತದೆ, ಬೇಳೆ ಬೇಯುವುದಿಲ್ಲ ಎಂಬುದು ಅಡುಗೆಮನೆ ಎಂದೋ ಪತ್ತೆ ಹಚ್ಚಿದ ಸಂಗತಿ. ಬೆಂಗಳೂರಿನ ಹೊರವಲಯದವರು ಇದನ್ನೇ ‘ಉಪ್ಪು ನೀರು’ ಎನ್ನುತ್ತಾರೆ. ಇದರ ಪ್ರಮಾಣ ಯಂತ್ರಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕಬಹುದು. ಮುಂದಿನಿಂದ ಬಟ್ಟೆ ತುಂಬುವ ಫ್ರಂಟ್ ಲೋಡ್ ಯಂತ್ರ ಒಂದು ಸರದಿಗೆ ಸುಮಾರು 50 ಲೀಟರ್ ನೀರು ಬಳಸುತ್ತದೆ ಎಂದುಕೊಳ್ಳೋಣ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿದ್ದರೆ ಒಂದು ಸರದಿಯಲ್ಲಿ ಯಂತ್ರದ ಮೂಲಕ ಹಾಯುವ ಸುಣ್ಣದಂಶ 25 ಗ್ರಾಂ. ವಾರಕ್ಕೆ ನಾಲ್ಕು ಸಲ ಒಗೆಯುವ ಮನೆಯಲ್ಲಿ ಅದು ವರ್ಷಕ್ಕೆ ಐದು ಕಿಲೋ ದಾಟುತ್ತದೆ. ಲೀಟರಿಗೆ 100 ಮಿಲಿಗ್ರಾಂ ಇರುವ ನೀರಾದರೆ ಒಂದೇ ಕಿಲೋ. ಇದರಲ್ಲಿ ಬಹುಪಾಲು ಚರಂಡಿಗೆ ಹರಿದುಹೋಗುತ್ತದೆ, ನಿಜ. ಆದರೆ ನೂರರಲ್ಲಿ ಒಂದೆರಡು ಪಾಲು ಒಳಗೇ ಉಳಿದರೂ ಹೀಟರಿನ ಕೆಲಸ ಕೆಡಿಸಲು ಅದು ಸಾಕು.

ಹೀಟರ್ ಏಕೆ ಮೊದಲ ಬಲಿ ಎಂಬುದಕ್ಕೆ ಕಾರಣವಿದೆ. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ; ಸುಣ್ಣದಂಶದ ಸ್ವಭಾವ ಇದಕ್ಕೆ ತದ್ವಿರುದ್ಧ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿದ್ದ ಬೈಕಾರ್ಬೊನೇಟ್ ಶಾಖ ತಗುಲಿದೊಡನೆ ಕಾರ್ಬೊನೇಟ್ ಆಗಿ ಒಡೆದು ಹೊರಗೆ ಬೀಳುತ್ತದೆ. ಅದು ಬೀಳುವುದೂ ಎಲ್ಲಿ ಅತಿ ಹೆಚ್ಚು ಬಿಸಿಯಿದೆಯೋ ಅಲ್ಲೇ, ಅಂದರೆ ಹೀಟರಿನ ಮೈಮೇಲೆ. ಬೋರ್ ನೀರಿನ ಮನೆಯಲ್ಲಿ ನಾಲ್ಕೈದು ವರ್ಷ ದುಡಿದ ಹೀಟರನ್ನು ಮೆಕ್ಯಾನಿಕ್ ಹೊರಗೆಳೆದರೆ ಒಳಗಿನ ಲೋಹದ ಕೊಳವೆಯೇ ಕಾಣದಷ್ಟು ದಪ್ಪಗೆ ಬೂದುಬಿಳಿ ಬಣ್ಣದ ಪದರ ಕಟ್ಟಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಬಡಿದರೆ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಪದರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಹಾಗಾಗಿ ನೀರು ನಿಧಾನವಾಗಿ ಕಾಯುತ್ತದೆ, ಕೊಳವೆ ಮಾತ್ರ ಒಳಗೊಳಗೇ ಮಿತಿಮೀರಿ ಕಾದು ಒಂದು ದಿನ ಸುಟ್ಟುಹೋಗುತ್ತದೆ ಇಲ್ಲವೇ ಬಿರುಕುಬಿಟ್ಟು ಮನೆಯ ಎಂಸಿಬಿಯನ್ನೇ ಕೆಳಗಿಳಿಸುತ್ತದೆ. ಮೆಕ್ಯಾನಿಕ್ ಬಂದು ‘ಸ್ಕೇಲಿಂಗ್ ಆಗಿದೆ’ ಎನ್ನುತ್ತಾನೆ, ಹೊಸ ಹೀಟರ್ ಹಾಕುತ್ತಾನೆ, ಹಣ ಪಡೆದು ಹೋಗುತ್ತಾನೆ. ನೀರು ಅದೇ ನೀರು. ಎರಡು ಮೂರು ವರ್ಷಕ್ಕೆ ಮತ್ತೆ ಅದೇ ಸಂಭಾಷಣೆ ನಡೆಯುತ್ತದೆ.

ಇಲ್ಲೊಂದು ಆಕ್ಷೇಪ ಸಹಜ. ನಮ್ಮಲ್ಲಿ ಬಿಸಿ ನೀರಿನಲ್ಲಿ ಬಟ್ಟೆ ಒಗೆಯುವವರು ಎಷ್ಟು ಮಂದಿ? ಮೇಲಿನಿಂದ ಬಟ್ಟೆ ತುಂಬುವ ಟಾಪ್ ಲೋಡ್ ಯಂತ್ರಗಳಲ್ಲಿ ಅನೇಕಕ್ಕೆ ಹೀಟರೇ ಇಲ್ಲ, ಅರೆ ಸ್ವಯಂಚಾಲಿತ ಎರಡು ತೊಟ್ಟಿಯ ಯಂತ್ರಗಳಲ್ಲಂತೂ ಇಲ್ಲವೇ ಇಲ್ಲ. ಕಾಯಿಸದ ನೀರಿನಲ್ಲಿ ಪದರ ಕಟ್ಟುವುದೆಲ್ಲಿಂದ ಬಂತು? ಈ ಮಾತು ಅರ್ಧ ಸರಿ. ಶಾಖದಿಂದ ಕಟ್ಟುವ ಗಟ್ಟಿ ಪದರ ಅಲ್ಲಿ ಕಾಣಿಸುವುದಿಲ್ಲ. ಆದರೆ ಸುಣ್ಣದಂಶವನ್ನು ಹೊರಗೆ ಬೀಳಿಸಲು ಶಾಖವೊಂದೇ ದಾರಿಯಲ್ಲ. ವಾಷಿಂಗ್ ಸೋಡಾ ಕೂಡ ಅದನ್ನೇ ಮಾಡುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ, ಅದರಲ್ಲೂ ಅಗ್ಗದ ಪುಡಿಗಳಲ್ಲಿ, ಸೋಡಾದ ಪಾಲು ದೊಡ್ಡದು. ಗಡಸು ನೀರಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ತಣ್ಣೀರಿನಲ್ಲೇ ಸಣ್ಣ ಸಣ್ಣ ಬಿಳಿ ಕಣಗಳಾಗಿ ಉದುರುತ್ತದೆ. ಆ ಕಣಗಳು ಟಬ್ಬಿನ ಹೊರಮೈಗೆ, ಪಂಪಿನ ದಾರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆಯ ನೂಲಿಗೆ ಅಂಟುತ್ತವೆ. ಹೊಸದಾಗಿ ತಂದ ಟವೆಲ್ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಸೆಟೆದು ನಿಲ್ಲುವುದು, ಬಿಳಿ ಅಂಗಿ ಮಸಕಾಗುವುದು, ಕಪ್ಪು ಪ್ಯಾಂಟಿನ ಮೇಲೆ ಬೂದಿ ಎರಚಿದಂತೆ ಗೆರೆ ಕಾಣುವುದು ಇದರಿಂದಲೇ. ಜನ ಇದನ್ನು ‘ಬಟ್ಟೆ ಸರಿಯಾಗಿ ಒಗೆದಿಲ್ಲ’ ಎಂದು ಓದಿಕೊಂಡು ಮರುದಿನ ಇನ್ನೊಂದು ಚಮಚ ಪುಡಿ ಸುರಿಯುತ್ತಾರೆ. ಸೋಡಾ ಹೆಚ್ಚಾದಂತೆ ಕಣವೂ ಹೆಚ್ಚು.

ಇಷ್ಟು ಓದಿದ ಕರಾವಳಿಯವರು ನಮಗೆ ಈ ಪಾಡಿಲ್ಲ ಎಂದು ನೆಮ್ಮದಿ ಪಡುವಂತಿಲ್ಲ. ಮಂಗಳೂರು, ಉಡುಪಿ, ಮಲೆನಾಡಿನ ಬಹುತೇಕ ಕಡೆ ಮಳೆಯ ನೀರು ಜಂಬಿಟ್ಟಿಗೆ ಮಣ್ಣಿನ ಮೂಲಕ ಬೇಗ ಇಳಿದು ಬಾವಿ, ಹೊಳೆ ಸೇರುತ್ತದೆ. ಆ ನೀರು ಮೆದು. ಹೀಟರಿಗೆ ಅದು ವರ. ಆದರೆ ಮೆದು ನೀರಿನಲ್ಲಿ ಪುಡಿಯನ್ನು ತಡೆಯುವವರಿಲ್ಲ, ಹಾಕಿದ್ದೆಲ್ಲ ನೊರೆ. ಫ್ರಂಟ್ ಲೋಡ್ ಯಂತ್ರ ಬಟ್ಟೆಯನ್ನು ಮೇಲೆತ್ತಿ ಕೆಳಕ್ಕೆ ಬೀಳಿಸಿ ಒಗೆಯುತ್ತದೆ. ನೊರೆ ತುಂಬಿದರೆ ಬಟ್ಟೆ ಅದರ ಮೇಲೆ ಮೆತ್ತಗೆ ಕುಳಿತುಕೊಳ್ಳುತ್ತದೆ, ಬಡಿತ ಬೀಳುವುದೇ ಇಲ್ಲ. ಪಂಪ್ ನೀರಿನ ಬದಲು ನೊರೆಯನ್ನೇ ಎಳೆದು ತಡವರಿಸುತ್ತದೆ, ಸೆನ್ಸರ್ ನೊರೆ ಕಂಡು ಮತ್ತೊಂದು ಸಲ ಜಾಲಿಸುತ್ತದೆ, ಸಮಯ ನೀರು ಎರಡೂ ಹೆಚ್ಚು ಖರ್ಚಾಗುತ್ತವೆ. ಅಷ್ಟಾದರೂ ಪೂರ್ತಿ ಹೋಗದ ಸಾಬೂನಿನ ಜಿಡ್ಡು ಟಬ್ಬಿನ ಹೊರಗೋಡೆಯಲ್ಲಿ, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ, ಪುಡಿ ಹಾಕುವ ಡ್ರಾಯರಿನ ಹಿಂದೆ ಉಳಿಯುತ್ತದೆ. ಬಟ್ಟೆಯ ನಾರು, ಮೈಯ ಎಣ್ಣೆ ಅದಕ್ಕೆ ಸೇರಿ ಕಪ್ಪು ಲೋಳೆಯಾಗುತ್ತದೆ. ಕರಾವಳಿಯ ಮಳೆಗಾಲದ ತೇವದಲ್ಲಿ ಬೂಷ್ಟಿಗೆ ಇನ್ನೇನು ಬೇಕು? ಒದ್ದೆ ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಅದು ಬಟ್ಟೆಯಲ್ಲಿ ಉಳಿದ ಮೈಜಿಡ್ಡನ್ನು ತಿಂದು ವಾಸನೆ ಬಿಡುವ ಜೀವಿ. ಅದರ ಮೇಲೆ ಕಂಫರ್ಟ್‌ನಂಥ ಸುಗಂಧದ ದ್ರವ ಸುರಿದರೆ ವಾಸನೆ ಎರಡು ಗಂಟೆ ಅಡಗುತ್ತದೆ, ಆ ದ್ರವದ ಮೇಣದಂಥ ಅಂಶ ಮಾತ್ರ ಲೋಳೆಗೆ ಮತ್ತಷ್ಟು ಮೇವಾಗುತ್ತದೆ.

ಸ್ಪೈಡರಿನ ವಿಷಯ ಇನ್ನೂ ಗಂಭೀರ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಡ್ರಮ್ ಸ್ಟೇನ್‌ಲೆಸ್ ಸ್ಟೀಲಿನದಾದರೂ ಅದರ ಬೆನ್ನಿಗೆ ಬೋಲ್ಟ್ ಹಾಕಿದ ಸ್ಪೈಡರ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂಗೆ ಕ್ಷಾರ ಆಗಿಬರುವುದಿಲ್ಲ, ಪುಡಿಯ ಜಿಡ್ಡೋ ಕ್ಷಾರದ ಮುದ್ದೆ. ಸ್ಪೈಡರಿನ ಸಂದುಗಳಲ್ಲಿ ಅದು ಹಸಿಯಾಗಿ ಕೂತಿರುವಷ್ಟು ದಿನ ಲೋಹ ಪುಡಿಪುಡಿಯಾಗಿ ಕರಗುತ್ತಿರುತ್ತದೆ. ಒಂದು ದಿನ ಹಿಂಡುವ ಹೊತ್ತಿನಲ್ಲಿ, ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ, ಅದರ ಒಂದು ಕೈ ಮುರಿಯುತ್ತದೆ. ಆ ಸದ್ದು ಕೇಳಿದ ಮನೆಯವರು ಮೆಷಿನ್ ಕಂಪನಿಯನ್ನು ಶಪಿಸುತ್ತಾರೆ. ಶಾಪದಲ್ಲಿ ಒಂದು ಪಾಲು ಪುಡಿಯ ಚಮಚಕ್ಕೂ ಸಲ್ಲಬೇಕು.

ಕೋಲಾರದ ಮನೆ, ಮಂಗಳೂರಿನ ಮನೆ ಎರಡೂ ಅಂಗಡಿಯಿಂದ ತರುವುದು ಒಂದೇ ಪುಡಿಯ ಪೊಟ್ಟಣ. ಅದರ ಹಿಂದೆ ಬಟ್ಟೆ ಎಷ್ಟಿದ್ದರೆ ಎಷ್ಟು ಚಮಚ ಎಂದು ಬರೆದಿರುತ್ತದೆ. ನೀರಿನ ಮಾತು ಬಂದರೂ ‘ಗಡಸು ನೀರಾದರೆ ಸ್ವಲ್ಪ ಹೆಚ್ಚು ಬಳಸಿ’ ಎಂಬಷ್ಟಕ್ಕೆ ನಿಲ್ಲುತ್ತದೆ. ಎಷ್ಟು ಗಡಸಿಗೆ ಎಷ್ಟು ಹೆಚ್ಚು? ಅದಿಲ್ಲ. ಒಂದು ಕಡೆ ಸಾಲದು, ಇನ್ನೊಂದು ಕಡೆ ಅತಿ. ಒಂದೇ ಸಲಹೆ ಎರಡೂ ಊರಲ್ಲಿ ತಪ್ಪು. ಇದು ಬಗೆಹರಿಸಲಾಗದ ಸಮಸ್ಯೆಯೇನೂ ಅಲ್ಲ. ಐರೋಪ್ಯ ಒಕ್ಕೂಟದ 2004ರ ಡಿಟರ್ಜೆಂಟ್ ನಿಯಮದ ಪ್ರಕಾರ ಮನೆಬಳಕೆಯ ಪುಡಿಯ ಪೊಟ್ಟಣದ ಮೇಲೆ ಮೆದು, ಮಧ್ಯಮ, ಗಡಸು ಎಂಬ ಮೂರು ಬಗೆಯ ನೀರಿಗೆ ಬೇರೆ ಬೇರೆ ಅಳತೆ ಅಚ್ಚಾಗಿರಲೇಬೇಕು. ಜರ್ಮನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ 2007ರ ಕಾನೂನು ನೀರು ಪೂರೈಸುವ ಸಂಸ್ಥೆಗಳು ತಮ್ಮ ನೀರು ಈ ಮೂರರಲ್ಲಿ ಯಾವುದು ಎಂದು ಗ್ರಾಹಕರಿಗೆ ವರ್ಷಕ್ಕೊಮ್ಮೆಯಾದರೂ ತಿಳಿಸಬೇಕು ಎನ್ನುತ್ತದೆ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಲೀಟರಿಗೆ 150 ಮಿಲಿಗ್ರಾಂ ಒಳಗಿದ್ದರೆ ಮೆದು, 250 ದಾಟಿದರೆ ಗಡಸು. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಆ ಪಟ್ಟಿಯ ಕೊನೆಯ ಸಾಲನ್ನು ದಾಟಿ ಬಹುದೂರ ಹೋಗಿರುತ್ತವೆ. ಅಲ್ಲಿನ ಸೌಮ್ಯ ನೀರಿಗೆ ಇಷ್ಟು ಎಚ್ಚರಿಕೆ, ಇಲ್ಲಿನ ಉಗ್ರ ನೀರಿಗೆ ‘ಸ್ವಲ್ಪ ಹೆಚ್ಚು’ ಎಂಬ ಎರಡು ಪದ.

ನಮ್ಮಲ್ಲಿ ಈ ಸಂಖ್ಯೆ ಸಿಗುವುದೇ ಇಲ್ಲ ಎಂದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಒಪ್ಪಿತ ಮಿತಿಯನ್ನೂ, ಬೇರೆ ನೀರೇ ಇಲ್ಲದಿದ್ದಾಗ 600ರವರೆಗೆ ಸಹಿಸಬಹುದೆಂಬ ಮಿತಿಯನ್ನೂ ಹಾಕಿದೆ. ಅಂದರೆ ನೀರು ಪರೀಕ್ಷಿಸುವ ಪ್ರಯೋಗಾಲಯಗಳು ಅದನ್ನು ಅಳೆಯುತ್ತಲೇ ಇವೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಹಳ್ಳಿಗೆ ಪರೀಕ್ಷಾ ಕಿಟ್ ಕೊಟ್ಟು, ಊರಿಗೆ ಐದು ಮಂದಿ ಮಹಿಳೆಯರಿಗೆ ತರಬೇತಿ ನೀಡುವ ಯೋಜನೆಯಿದೆ. ಆ ಕಿಟ್ಟಿನಲ್ಲಿ ಗಡಸುತನದ ಪರೀಕ್ಷೆಯೂ ಸೇರಿದೆ. ಹನಿ ಹನಿಯಾಗಿ ದ್ರಾವಣ ಬಿಟ್ಟು ಬಣ್ಣ ಬದಲಾಗುವವರೆಗೆ ಎಣಿಸುವ ಸುಲಭದ ಕೆಲಸ. ವಿಪರ್ಯಾಸವೆಂದರೆ ಲಕ್ಷಗಟ್ಟಲೆ ಬೆಲೆಯ ಫ್ಲಾಟಿನಲ್ಲಿ ಈ ಕಿಟ್ ಇರುವುದಿಲ್ಲ. ಅಲ್ಲಿ ಇರುವುದು ಟಿಡಿಎಸ್ ಪೆನ್ನು. ನೀರಿನ ಫಿಲ್ಟರ್ ಮಾರುವವನು ಲೋಟದಲ್ಲಿ ಅದ್ದಿ ‘ನೋಡಿ ಸಾರ್, 800’ ಎಂದು ಹೆದರಿಸುವ ಆ ಪೆನ್ನು ಗಡಸುತನ ಅಳೆಯುವುದೇ ಇಲ್ಲ. ನೀರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂದು ನೋಡಿ ಒಟ್ಟು ಲವಣವನ್ನು ಅಂದಾಜಿಸುತ್ತದೆ, ಅಷ್ಟೇ. ಅದರಲ್ಲಿ ಯಂತ್ರಕ್ಕೆ ಕೇಡು ಮಾಡುವ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪಿನಂಥ ಸೋಡಿಯಂ ಎಷ್ಟು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಾಫ್ಟ್‌ನರ್ ಹಾಕಿ ಮೆದು ಮಾಡಿದ ನೀರಿನಲ್ಲೂ ಟಿಡಿಎಸ್ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಒಂದು ಲವಣದ ಜಾಗಕ್ಕೆ ಇನ್ನೊಂದು ಬಂದಿರುತ್ತದೆ.

ಬೆಂಗಳೂರಿನಂಥ ಊರಲ್ಲಿ ನೀರಿನ ಮೂಲವೇ ದಿನಕ್ಕೊಂದು ಎಂಬ ಆಕ್ಷೇಪ ಬರುತ್ತದೆ. ಸೋಮವಾರ ಕಾವೇರಿ, ಬುಧವಾರ ಬೋರ್, ಬೇಸಿಗೆ ಬಂದರೆ ಟ್ಯಾಂಕರ್. ಯಾವ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕುವುದು? ಇದು ನಿಜವಾದ ತೊಡಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ನದಿ ನೀರು ಹರಿಯತೊಡಗಿದ ಮೇಲೂ ಆ ಭಾಗದ ಎಷ್ಟೋ ಮನೆ, ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಎರಡು ಮೂರು ಮೂಲದ ನೀರು ಬೆರೆಯುತ್ತಲೇ ಇದೆ. ಆದರೆ ಪುಡಿಯ ಅಳತೆಗೆ ದಶಮಾಂಶದ ನಿಖರತೆ ಬೇಕಿಲ್ಲ. ಮೆದುವೋ, ಮಧ್ಯಮವೋ, ಗಡಸೋ, ಅತಿ ಗಡಸೋ ಎಂಬ ನಾಲ್ಕು ಮೆಟ್ಟಿಲು ಸಾಕು. ಕಾವೇರಿಯ ನೀರಿಗೆ ಜಲಮಂಡಳಿ ಒಂದು ಮೆಟ್ಟಿಲು ಹೇಳಲಿ. ಬೋರ್‌ವೆಲ್ಲಿನದನ್ನು ಅಪಾರ್ಟ್‌ಮೆಂಟಿನ ಸಂಘ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಪರೀಕ್ಷಿಸಿ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಾಕಲಿ. ಟ್ಯಾಂಕರಿನವರು ರಸೀದಿಯ ಮೇಲೆ ಬರೆಯಲಿ. 2024ರ ಬೇಸಿಗೆಯ ಬರದಲ್ಲಿ ಟ್ಯಾಂಕರ್ ನೀರಿನ ದರ ಎಷ್ಟಿರಬೇಕು ಎಂಬುದರ ಮೇಲೆ ಊರಿಗೆ ಊರೇ ಚರ್ಚೆ ಮಾಡಿತು, ಜಿಲ್ಲಾಡಳಿತ ದರಕ್ಕೆ ಮಿತಿಯನ್ನೂ ಹಾಕಿತು. ಆ ಟ್ಯಾಂಕರಿನಲ್ಲಿ ಬಂದ ನೀರು ಎಂಥದ್ದು ಎಂದು ಕೇಳಿದವರು ವಿರಳ.

ಗಡಸುತನಕ್ಕೆ ಸರ್ಕಾರಗಳು ತಲೆಕೆಡಿಸಿಕೊಳ್ಳದಿರಲು ಒಂದು ನ್ಯಾಯವಾದ ಕಾರಣವೂ ಇದೆ ಎನ್ನಬೇಕು. ಫ್ಲೋರೈಡ್, ನೈಟ್ರೇಟ್‌ಗಳ ಹಾಗೆ ಇದು ಆರೋಗ್ಯದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ನಿಗದಿ ಮಾಡಿಲ್ಲ. ಫ್ಲೋರೈಡಿನಿಂದ ಹಲ್ಲು ಮೂಳೆ ಕೆಟ್ಟ ಜಿಲ್ಲೆಗಳಿರುವಾಗ ಯಾರದೋ ವಾಷಿಂಗ್ ಮೆಷಿನ್ನಿನ ಹೀಟರಿಗೆ ಇಲಾಖೆ ಏಕೆ ಬೆವರು ಸುರಿಸಬೇಕು, ಇದು ಉಳ್ಳವರ ಗೋಳು ಎಂದು ಯಾರಾದರೂ ಹೇಳಿದರೆ ಥಟ್ಟನೆ ಉತ್ತರ ಕೊಡುವುದು ಕಷ್ಟ. ನಾಡಿನ ಬಹುಪಾಲು ಮನೆಗಳಲ್ಲಿ ಈ ಯಂತ್ರ ಇನ್ನೂ ಇಲ್ಲ. ಆದರೆ ನಾನು ಕೇಳುತ್ತಿರುವುದು ಹೊಸ ಘಟಕವನ್ನಲ್ಲ, ಹೊಸ ಅನುದಾನವನ್ನೂ ಅಲ್ಲ. ಈಗಾಗಲೇ ಅಳೆದಿಟ್ಟ ಅಂಕಿಯನ್ನು ಜನರ ಕೈಗೆ ಕೊಡಿ ಎಂದಷ್ಟೇ. ಅದು ಕೈಯಲ್ಲಿ ಬಟ್ಟೆ ಒಗೆಯುವವರಿಗೂ ಬೇಕಾದ ಅಂಕಿ. ಗಡಸು ನೀರಿನಲ್ಲಿ ಸೋಪು ಸವೆಯುವುದು ಹೆಚ್ಚು. ಬಡ ಮನೆಯ ಸೋಪಿನ ಖರ್ಚಿಗೆ ಇದು ನೇರ ಪೆಟ್ಟು. ಅತಿಯಾಗಿ ಸುರಿದ ಪುಡಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲಿ ಸಾಕ್ಷಿಯಿದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿ ವಾಹನ ಸವಾರರ ಮುಖಕ್ಕೆ ಬಡಿದ ದೃಶ್ಯಗಳನ್ನು ಓದುಗರು ಮರೆತಿರಲಾರರು. ಮನೆಗಳಿಂದ ಬಂದ ಡಿಟರ್ಜೆಂಟಿನ ಅಂಶವೇ ಆ ನೊರೆಗೆ ಮೂಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಕಾವೇರಿ ನೀರು ಬರುವ ಮನೆಯಲ್ಲಿ ಬೋರ್ ನೀರಿನ ಅಳತೆಯ ಪುಡಿ ಬಿದ್ದರೆ ಮಿಕ್ಕದ್ದು ಸೇರುವುದು ಆ ಕೆರೆಗೇ.

ಇನ್ನು ಅತ್ಯಂತ ಬಲವಾದ ಆಕ್ಷೇಪಕ್ಕೆ ಬರೋಣ. ನೀರು, ಪುಡಿ ಎಂದೆಲ್ಲ ಹೇಳಿ ಕಂಪನಿಗಳ ತಪ್ಪನ್ನು ಗ್ರಾಹಕರ ತಲೆಗೆ ಕಟ್ಟುತ್ತಿದ್ದೀರಿ, ಈಗಿನ ಯಂತ್ರಗಳನ್ನು ಮಾಡುವುದೇ ಬೇಗ ಕೆಡಲಿ ಎಂದು, ಎನ್ನುವವರಿದ್ದಾರೆ. ಅವರ ಸಿಟ್ಟಿಗೆ ಆಧಾರವಿದೆ. ಹಿಂದೆ ಡ್ರಮ್ಮಿನ ಹೊರತೊಟ್ಟಿಯನ್ನು ಎರಡು ಹೋಳಾಗಿ ಮಾಡಿ ಬೋಲ್ಟಿನಿಂದ ಬಿಗಿಯುತ್ತಿದ್ದರು. ಬಿಚ್ಚಿ ಬೇರಿಂಗ್ ಬದಲಿಸಬಹುದಿತ್ತು. ಈಗ ಹಲವು ಮಾದರಿಗಳಲ್ಲಿ ಎರಡು ಹೋಳನ್ನು ಕಾಯಿಸಿ ಬೆಸೆದೇ ಬಿಡುತ್ತಾರೆ. ಕೆಲವು ನೂರು ರೂಪಾಯಿಯ ಬೇರಿಂಗ್ ಹೋದರೆ ಸಾವಿರಾರು ರೂಪಾಯಿ ಕೊಟ್ಟು ಇಡೀ ಟಬ್ ತರಬೇಕು, ಆ ಬೆಲೆ ಕೇಳಿ ಗ್ರಾಹಕ ಹೊಸ ಯಂತ್ರದ ಎಕ್ಸ್‌ಚೇಂಜ್ ಆಫರ್ ಕಡೆ ನೋಡುತ್ತಾನೆ. ಇದನ್ನು ತಡೆಯಲೆಂದೇ ಐರೋಪ್ಯ ಒಕ್ಕೂಟ 2021ರ ಮಾರ್ಚ್‌ನಿಂದ ಪಂಪ್, ಹೀಟರ್, ಸ್ಪೈಡರ್, ಬೇರಿಂಗ್ ಮುಂತಾದ ಬಿಡಿಭಾಗಗಳು ಕನಿಷ್ಠ 10 ವರ್ಷ ಸಿಗಬೇಕೆಂದು ಕಡ್ಡಾಯ ಮಾಡಿತು. ಅಲ್ಲೂ ಬೇರಿಂಗನ್ನು ಡ್ರಮ್ಮಿನ ಜೊತೆಗೇ ಕಟ್ಟಿ ಮಾರಲು ಸಂದು ಬಿಟ್ಟಿದ್ದಾರೆ ಎನ್ನುವುದು ಬೇರೆ ಮಾತು. ಫ್ರಾನ್ಸ್ 2021ರಲ್ಲಿ ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಹತ್ತರಲ್ಲಿ ಅಂಕ ಕೊಡಲು ಆರಂಭಿಸಿ, 2025ರ ಏಪ್ರಿಲ್‌ನಿಂದ ವಾಷಿಂಗ್ ಮೆಷಿನ್‌ಗಳಿಗೆ ಬಾಳಿಕೆಯ ಅಂಕವನ್ನೇ ಕಡ್ಡಾಯಗೊಳಿಸಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿತು, ಪೋರ್ಟಲ್ ಆರಂಭಿಸಿತು. ರಿಪೇರಿ ಸೂಚ್ಯಂಕದ ಕುರಿತ ವರದಿ 2025ರಲ್ಲಿ ಸಲ್ಲಿಕೆಯಾದರೂ ಅದರ ಮೊದಲ ಗಮನ ಮೊಬೈಲ್ ಫೋನು, ಟ್ಯಾಬ್ಲೆಟ್‌ಗಳ ಮೇಲೆ. ವಾಷಿಂಗ್ ಮೆಷಿನ್ ಸರದಿ ಇನ್ನೂ ಬರಬೇಕು, ಬೇಗ ಬರಬೇಕು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ನನ್ನ ಮಾತು ಬದಲಾಗುವುದಿಲ್ಲ. ಬಿಚ್ಚಿ ಬೇರಿಂಗ್ ಬದಲಿಸಬಹುದಾದ ಯಂತ್ರವೂ ಗಡಸು ನೀರಿಗೆ ಹೀಟರ್ ಕಳೆದುಕೊಳ್ಳುತ್ತದೆ. ರಿಪೇರಿಯ ಹಕ್ಕು ಕೆಟ್ಟ ಮೇಲಿನ ನ್ಯಾಯ. ನೀರಿನ ಅಂಕಿ ಕೆಡದಂತೆ ನೋಡಿಕೊಳ್ಳುವ ದಾರಿ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ ಎನ್ನಲು ಡಿಶ್‌ವಾಷರ್ ಸಾಕ್ಷಿ. ಪಾತ್ರೆ ತೊಳೆಯುವ ಆ ಯಂತ್ರದ ಅನೇಕ ಮಾದರಿಗಳೊಳಗೆ ನೀರನ್ನು ಮೆದು ಮಾಡುವ ಪುಟ್ಟ ವ್ಯವಸ್ಥೆ, ಅದಕ್ಕೊಂದು ಉಪ್ಪಿನ ಡಬ್ಬಿ ಇರುತ್ತದೆ, ಮನೆಯ ನೀರಿನ ಗಡಸುತನ ಎಷ್ಟೆಂದು ಬಟನ್ ಒತ್ತಿ ಹೊಂದಿಸಬೇಕು. ಹಾಗೆ ಮಾಡದಿದ್ದರೆ ಗಾಜಿನ ಲೋಟದ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ, ಗ್ರಾಹಕ ಮರುದಿನವೇ ಫೋನ್ ಮಾಡುತ್ತಾನೆ. ಬಟ್ಟೆಯ ಮೇಲಿನ ಕಲೆ ಅಷ್ಟು ಬೇಗ ಕಾಣುವುದಿಲ್ಲ, ಹೀಟರಿನದು ಕಾಣುವುದೇ ಇಲ್ಲ. ಕಾಣದ್ದಕ್ಕೆ ಯಾಕೆ ಖರ್ಚು? ಬದಲಿಗೆ ತಿಂಗಳಿಗೊಮ್ಮೆ ಹಾಕಿ ಎಂದು ಡೀಸ್ಕೇಲಿಂಗ್ ಪುಡಿಯ ಪೊಟ್ಟಣ ಮಾರುತ್ತಾರೆ. ಅಂಥ ಅನೇಕ ಪೊಟ್ಟಣಗಳಲ್ಲಿ ಕೆಲಸ ಮಾಡುವುದು ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಗಡಸು ನೀರಿನ ಮನೆಗೆ ಅದು ನಿಜಕ್ಕೂ ಬೇಕು. ಮೆದು ನೀರಿನ ಮನೆಗೆ ದಂಡ. ಅಲ್ಲಿ ಬೇಕಾದದ್ದು ಪುಡಿ ಕಡಿಮೆ ಮಾಡಿ ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ 60 ಡಿಗ್ರಿ ಬಿಸಿಯಲ್ಲಿ ಯಂತ್ರವನ್ನೇ ಓಡಿಸುವುದು. ವಿದ್ಯುತ್ ಖರ್ಚಿನ ಭಯ ಬೇಡ. ಹನ್ನೆರಡು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು ಅರ್ಧ ಯೂನಿಟ್. ನಲ್ಲಿಗೆ ಸಿಕ್ಕಿಸುವ ಮ್ಯಾಗ್ನೆಟ್ಟಿನಂಥ ಸಾಧನಗಳಿಗೆ ಮಾತ್ರ ಗಟ್ಟಿಯಾದ ಪುರಾವೆ ಇಲ್ಲ. ಮನೆಗೋ ಅಪಾರ್ಟ್‌ಮೆಂಟಿಗೋ ಹಾಕುವ ಉಪ್ಪಿನ ಸಾಫ್ಟ್‌ನರ್ ಕೆಲಸ ಮಾಡುತ್ತದೆ, ಆದರೆ ಅದನ್ನು ತೊಳೆದ ಉಪ್ಪುನೀರು ಚರಂಡಿ ಸೇರುತ್ತದೆ, ಗಿಡಕ್ಕೆ ಆ ನೀರು ಒಗ್ಗುವುದಿಲ್ಲ. ಸಂಖ್ಯೆ ನೋಡದೆ ಅದಕ್ಕೂ ಹಣ ಸುರಿಯಬಾರದು. ಒಂದು ಎಚ್ಚರಿಕೆ ಮಾತ್ರ ಎಲ್ಲ ಊರಿಗೂ ಒಂದೇ: ಬೂಷ್ಟು ಹೋಗಲೆಂದು ಬ್ಲೀಚ್, ಪದರ ಹೋಗಲೆಂದು ನಿಂಬೆ ಉಪ್ಪು ಎರಡನ್ನೂ ಒಟ್ಟಿಗೆ ಹಾಕಬೇಡಿ. ಅವೆರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ.

ಒಗೆದ ಮೇಲೆ ಬಾಗಿಲು ತೆರೆದಿಡುವುದು, ರಬ್ಬರಿನ ಮಡಿಕೆ ಒರೆಸುವುದು, ಕೆಳಗಿನ ಪಂಪ್ ಫಿಲ್ಟರ್ ಬಿಚ್ಚಿ ನಾಣ್ಯ, ಗುಂಡಿ, ಕೂದಲು ತೆಗೆಯುವುದು, ನೀರಿನ ಪೈಪು ಸೇರುವಲ್ಲಿನ ಬೆರಳುಗಾತ್ರದ ಜಾಲರಿಯಿಂದ ಟ್ಯಾಂಕರಿನ ಮರಳನ್ನು ತೊಳೆಯುವುದು, ಇವೆಲ್ಲ ಎಲ್ಲ ಕೈಪಿಡಿಗಳಲ್ಲೂ ಇವೆ, ಮಾಡಬೇಕಾದ ಕೆಲಸಗಳೇ. ಆದರೆ ಹೊಸ ಯಂತ್ರ ಕೂರಿಸಿ ಡೆಮೊ ಕೊಡಲು ಬರುವ ಹುಡುಗನ ಚೀಲದಲ್ಲಿ ಮಟ್ಟ ನೋಡುವ ಸಲಕರಣೆ ಇದ್ದಹಾಗೆ ಗಡಸುತನ ಅಳೆಯುವ ಕಾಗದದ ಪಟ್ಟಿಯೂ ಇದ್ದರೆ, ಅವನು ಅದನ್ನು ನೀರಿಗದ್ದಿ ಬಂದ ಅಂಕಿಯನ್ನು ವಾರಂಟಿ ಕಾರ್ಡಿನ ಮೇಲೆ ಬರೆದುಕೊಟ್ಟರೆ, ಮುಂದೆ ಹೀಟರ್ ಹೋದಾಗ ‘ನಿಮ್ಮ ನೀರು ಸರಿಯಿಲ್ಲ’ ಎಂದು ಕೈತೊಳೆದುಕೊಳ್ಳಲು ಕಂಪನಿಗೆ ಬರುವುದಿಲ್ಲ. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಕೆಯ ತಿಂಗಳು ಮುದ್ರಿಸಲು ಕಾನೂನು ಒತ್ತಾಯಿಸುತ್ತದೆ. ನಾಲ್ಕು ಬಗೆಯ ನೀರಿಗೆ ನಾಲ್ಕು ಅಳತೆ ಸೇರಿಸಲು ಬೇಕಾದದ್ದು ಒಂದು ಅಧಿಸೂಚನೆ. ಪುಡಿ ಕಡಿಮೆ ಮಾರಾಟವಾದೀತೆಂಬ ಅಂಜಿಕೆಯಿಂದ ಉದ್ಯಮ ಇದನ್ನು ವಿರೋಧಿಸಬಹುದು. ಯುರೋಪಿನಲ್ಲಿ ಈ ನಿಯಮ ಬಂದು ಎರಡು ದಶಕವಾಯಿತು, ಅಲ್ಲಿ ಯಾವ ಸಾಬೂನು ಕಂಪನಿಯೂ ಅದರಿಂದ ಮುಳುಗಿಲ್ಲ. ನಮ್ಮಲ್ಲಿ ಅಂಥ ಅಧಿಸೂಚನೆ ಬರುವವರೆಗೆ ಓದುಗರು ಕಾಯಬೇಕಿಲ್ಲ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಬೇರೆ ಊರಿನವರು ನಗರಸಭೆಯಲ್ಲೋ ಪಂಚಾಯಿತಿಯಲ್ಲೋ, ಅಪಾರ್ಟ್‌ಮೆಂಟಿನವರು ಮುಂದಿನ ಸಭೆಯಲ್ಲಿ, ನಮ್ಮ ನೀರಿನ ಗಡಸುತನ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಕೇಳಿ. ಉತ್ತರ ಲಿಖಿತವಾಗಿ ಬರುವವರೆಗೆ ಕೇಳುತ್ತಲೇ ಇರಿ.